ಎಡಕ್ಕೆ ವಾಲಿದ ಉಗುರಿನ ಗುರುತು

ಬ್ರೇನಿಯಾ ಆಲ್ತಾ, ಲಾ ಪಾಲ್ಮಾ ದ್ವೀಪ
18 ಜನವರಿ 2014

ಅಕ್ಕ,

ತಾಯಿಯನ್ನು ನೋಡಲು ಆಗಾಗ ಹೋಗಿ ಬರುವ ಪಕ್ಕದ ಮನೆಯ ಮರೂಚಾ ನಾಳೆ ಹವಾನಾಕ್ಕೆ ಹೊರಟಿದ್ದಾಳೆ. ಅಂಚೆಯನ್ನು ನಂಬಿದರೆ ಈ ಕಾಗದ ನಾವಿಬ್ಬರೂ ಮಣ್ಣಾದ ಮೇಲೆ ತಲುಪುತ್ತದೆ, ಅದಕ್ಕೇ ಅವಳ ಕೈಗೆ ಕೊಡುತ್ತಿದ್ದೇನೆ. ಜೊತೆಗೆ ನಿನ್ನ ಬೆರಳುನೋವಿಗೆ ಮುಲಾಮು, ಎರಡು ಪೊಟ್ಟಣ ಕಾಫಿಪುಡಿ, ಹೊಲಿಗೆ ಸೂಜಿ. ಕಾಫಿಪುಡಿಗೆ ಹುರಿದ ಬಟಾಣಿ ಬೆರೆಸಬೇಡ. ಬೆರೆಸಿದರೆ ಇಲ್ಲಿ ಕೂತ ನನಗೆ ಗೊತ್ತಾಗುವುದಿಲ್ಲ, ನಿಜ. ಆದರೂ ಬೆರೆಸಬೇಡ.

ಬಾಳೆಗೊನೆ ಕಟ್ಟುವ ಶೆಡ್ಡಿನ ಕೆಲಸ ಮುಗಿದ ಮೇಲೆ ಮನೆಯಲ್ಲಿ ಒಬ್ಬನೇ ಕೂತು ಏನು ಮಾಡುತ್ತೀಯ ಎಂದು ನೀನು ಕೇಳಿದ್ದೆ. ಹೇಳುತ್ತೇನೆ, ನಗಬಾರದು. ಸಿಗಾರ್ ಕೊಳ್ಳುತ್ತೇನೆ. ಅಂಗಡಿಯಲ್ಲಲ್ಲ, ಲಂಡನ್ನಿನ ಹರಾಜಿನಲ್ಲಿ. ಹರಾಜು ಎಂದರೆ ಸುತ್ತಿಗೆ ಬಡಿದು ಗಂಟಲು ಹರಿದುಕೊಳ್ಳುವುದು ಎಂದುಕೊಳ್ಳಬೇಡ. ಕಂಪ್ಯೂಟರಿನ ಮುಂದೆ ಬಾಯಿ ಮುಚ್ಚಿಕೊಂಡು ಕೂಗುವ ಹರಾಜು ಇದು. ಎದುರಾಳಿ ಯಾರೆಂದು ಕಾಣುವುದಿಲ್ಲ, ಅವನಿಗೊಂದು ನಂಬರು, ನನಗೊಂದು ನಂಬರು. ಹಳೆಯ ಹವಾನಾ ಸಿಗಾರುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಬರುತ್ತವೆ. ನಮ್ಮ ಅಪ್ಪ ದುಡಿಯುತ್ತಿದ್ದ ಕಾರ್ಖಾನೆಯವೂ.

ಮೊದಲನೇ ಸಲ ಪೆಟ್ಟಿಗೆಯ ಮೇಲಿನ ಬಂಗಾರದ ಬಣ್ಣ ನೋಡಿ ಮರುಳಾದೆ. ಬಂದದ್ದನ್ನು ತೆಗೆದರೆ ಎಲ್ಲ ಸಿಗಾರಿಗೂ ಹುಳು ಕೊರೆದು ಸೂಜಿತೂತು. ಸಿಗಾರ್ ಸುತ್ತುವವನ ಮಗ ನಾನು, ಯಾರಿಗೂ ಹೇಳಲಾಗಲಿಲ್ಲ. ಕೊಳಲಿನ ಹಾಗೆ ಊದಬಹುದಿತ್ತು ಅಷ್ಟೆ.

ನಿನ್ನ ಗೋಯೊ


ಹವಾನಾ, ಸೆರ್ರೊ
9 ಫೆಬ್ರವರಿ 2014

ಗೋಯೊ,

ನಕ್ಕೆ. ಎದುರುಮನೆಯ ನಿಲ್ದಾಳಿಗೂ ಓದಿ ಹೇಳಿದೆ, ಅವಳೂ ನಕ್ಕಳು. ಇಪ್ಪತ್ತೇಳು ವರ್ಷ ನಾನು ಕೂತು ಸುತ್ತಿದ್ದು, ಸಂಜೆ ಮನೆಗೆ ತಂದು ನೆರೆಯವರಿಗೆ ಮೊಟ್ಟೆಗೆ ಬದಲು ಕೊಟ್ಟಿದ್ದು, ಈಗ ನನ್ನ ತಮ್ಮ ಇಂಗ್ಲಿಷರಿಗೆ ದುಡ್ಡು ಕೊಟ್ಟು ತರಿಸುತ್ತಾನೆ. ನಿಲ್ದಾ ಏನಂದಳು ಗೊತ್ತೆ? "ನಿನ್ ತಮ್ಮಂಗೆ ತಲೆ ಕೆಟ್ಟಿಲ್ಲ ಒನೇಲಿಯಾ, ಮನೆ ನೆನಪಾಗ್ತಿದೆ. ಅದಕ್ಕೂ ಇದೇ ಲಕ್ಷಣ."

ಕಾಫಿಗೆ ಬಟಾಣಿ ಬೆರೆಸಿದೆ. ಅಭ್ಯಾಸ. ಬರೀ ಕಾಫಿ ಕುಡಿದರೆ ಎದೆ ಹೊಡೆದುಕೊಳ್ಳುತ್ತದೆ.

ನೀನು ಹೋಗಿ ಮೂವತ್ತೊಂದು ವರ್ಷ. ಕೇಳಬಾರದು ಎಂದುಕೊಂಡಿದ್ದೆ, ಕೇಳುತ್ತೇನೆ. ಅಷ್ಟು ಪೆಟ್ಟಿಗೆ ಕೊಳ್ಳುವವನಿಗೆ ಒಂದು ಟಿಕೆಟ್ ಕೊಳ್ಳಲು ಆಗುವುದಿಲ್ಲವೆ?

ಒನೇಲಿಯಾ


ಬ್ರೇನಿಯಾ ಆಲ್ತಾ
16 ಮಾರ್ಚ್ 2014

ಅಕ್ಕ,

ನಿನ್ನ ಕಾಗದದ ಮಸಿ ಸಾಲು ಸಾಲಾಗಿ ಹರಡಿದೆ. ಅಳುತ್ತಾ ಬರೆದೆಯಾ? ಅಳಬೇಡ. ಬರುತ್ತೇನೆ. ನವೆಂಬರಿನಲ್ಲಿ, ಅಪ್ಪ ತೀರಿಕೊಂಡ ತಿಂಗಳಿನಲ್ಲಿ. ಯಾಕೆ ಈಗಲೇ ಅಲ್ಲ ಎಂದು ಕೇಳಬೇಡ. ಬರಲು ಒಂದು ಕಾರಣ ತಯಾರಾಗುತ್ತಿದೆ, ಅದು ಕೈಗೆ ಸಿಕ್ಕ ಮೇಲೆ ಹೇಳುತ್ತೇನೆ.

ಈ ಹರಾಜಿನಲ್ಲಿ ನಾನೀಗ ಪಳಗಿದ್ದೇನೆ. ಕೇಳು, ನಿಲ್ದಾಳಿಗೂ ಓದಿ ಹೇಳು. ಮುಚ್ಚಳದ ಚಿತ್ರ ನೋಡಿ ಯಾವತ್ತೂ ಕೊಳ್ಳಬಾರದು. ಪೆಟ್ಟಿಗೆಯ ತಳದ ಚಿತ್ರ ಕಳಿಸಿ ಎಂದು ಕೇಳಬೇಕು, ಅಲ್ಲಿ ಕಾರ್ಖಾನೆಯ ಅಕ್ಷರ, ತಿಂಗಳು, ವರ್ಷ ಒತ್ತಿರುತ್ತದೆ. ತಳ ತೋರಿಸಲು ಮೀನಮೇಷ ಎಣಿಸುವವನಿಂದ ದೂರ ಇರಬೇಕು. ಇಷ್ಟು ವರ್ಷ ಎಲ್ಲಿಟ್ಟಿದ್ದೆ ಎಂದು ಕೇಳಬೇಕು. "ತಾತನ ಬೀರುವಿನಲ್ಲಿ" ಎಂದರೆ ಕೈಮುಗಿದು ಬರಬೇಕು, ತಾತ ಅದಕ್ಕೆ ನೀರಿನ ಪಸೆ ತೋರಿಸಿರುವುದಿಲ್ಲ, ಒಣಗಿ ಕಡ್ಡಿಯಾಗಿರುತ್ತದೆ. ಎಲೆಯ ಮೇಲೆ ಬೆಳ್ಳಗೆ ಪುಡಿ ಇದ್ದರೆ ಒರೆಸಿದರೆ ಹೋಗುತ್ತದೆಯೋ ನೋಡಿ ಎಂದು ಕೇಳಬೇಕು. ಹೋಗದೆ ಹಸಿರಾಗಿದ್ದರೆ ಬೂಷ್ಟು. ಹರಾಜಿನವರ ಕಮಿಷನ್ನು, ನಮ್ಮ ದ್ವೀಪದ ಸುಂಕ ಎರಡನ್ನೂ ಮೊದಲೇ ಕೂಡಿಕೊಂಡು ಇಷ್ಟರ ಮೇಲೆ ಹೋಗುವುದಿಲ್ಲ ಎಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಬೇಕು. ಕೊನೆಯ ಐದು ನಿಮಿಷದಲ್ಲಿ ಮನುಷ್ಯ ಮನುಷ್ಯನಾಗಿರುವುದಿಲ್ಲ. ಕಾಣದ ಆ ಎದುರಾಳಿ ನನ್ನ ಪಾಲಿನ ಅನ್ನ ಕಸಿಯುತ್ತಿದ್ದಾನೆ ಅನ್ನಿಸಿ ಬೆರಳು ತಾನಾಗಿ ಒತ್ತುತ್ತದೆ. ಆಗ ಚೀಟಿ ನೋಡಿ ಎದ್ದುಹೋಗಿ ಆಲೂಗಡ್ಡೆ ಬೇಯಿಸಬೇಕು. ನಾನು ಹಾಗೇ ಮಾಡುತ್ತೇನೆ. ಈಚೆಗೆ ತುಂಬಾ ಆಲೂಗಡ್ಡೆ ತಿನ್ನುತ್ತಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಮಾತು: ಮನಸ್ಸು ಹೇಳಿತು ಎಂದು ಕೊಳ್ಳಬಾರದು. ಗೊತ್ತಿರುವವರನ್ನು ಕೇಳಿ ಕೊಳ್ಳಬೇಕು.

ಗೋಯೊ


ಸೆರ್ರೊ
30 ಏಪ್ರಿಲ್ 2014

ಗೋಯೊ,

ಅಳಲಿಲ್ಲ ಕಣೋ. ಎಡಗೈಯಲ್ಲಿ ಬರೆಯುವವರ ಹಣೆಬರಹ ಅದು, ಮಸಿ ಒಣಗುವ ಮೊದಲೇ ಅಂಗೈ ಅದರ ಮೇಲೆ ಹಾದುಹೋಗುತ್ತದೆ. ಊಟಕ್ಕೆ ಕೂತಾಗ ನಿನ್ನ ಪಕ್ಕೆಗೆ ತಿವಿಯುತ್ತಿದ್ದ ಮೊಣಕೈ ಮರೆತೆಯಾ? "ಅಮ್ಮಾ, ಈ ಎಡಚಿನ ಆ ಕಡೆ ಕೂರ್ಸು" ಎಂದು ದಿನಾ ಕೂಗುತ್ತಿದ್ದವನು ನೀನೇ.

ಒಳಗಿನ ಕೋಣೆಗೆ ಸುಣ್ಣ ಹೊಡೆಸಿದೆ. ನವೆಂಬರಿಗೆ ಇನ್ನೂ ಎಷ್ಟು ದಿನವಿದೆ ಎಂದು ನಿಲ್ದಾ ಆಡಿಕೊಂಡಳು, ಆಡಿಕೊಳ್ಳಲಿ. ಸುಣ್ಣ ಸಿಕ್ಕಾಗ ಹೊಡೆಸಬೇಕು, ಬೇಕಾದಾಗ ಇಲ್ಲಿ ಏನೂ ಸಿಗುವುದಿಲ್ಲ. ಕಾರಣ ಗೀರಣ ಎಂದೆಲ್ಲ ಬರೆದಿದ್ದೀಯ. ಅಕ್ಕನ ಮನೆಗೆ ಬರಲು ಕಾರಣ ಯಾಕೆ ಬೇಕು? ನನಗೆ ಅರ್ಥವಾಗಲಿಲ್ಲ. ದುಡ್ಡು ಸಾಲದೆ ಹಾಗೆ ಬರೆದೆಯೋ ಏನೋ. ಪೆಟ್ಟಿಗೆ ಕೊಳ್ಳುವುದನ್ನು ಸ್ವಲ್ಪ ದಿನ ನಿಲ್ಲಿಸು.

ಒನೇಲಿಯಾ


ಬ್ರೇನಿಯಾ ಆಲ್ತಾ
3 ಜೂನ್ 2014

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲ. ಕಾರಣ ಸಿಕ್ಕಿತು ಅಂತ ಕಾಣುತ್ತದೆ.

ಇದರ ಜೊತೆ ಇರುವ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡು. ನಮ್ಮ ಕಾರ್ಖಾನೆಯ ಪೆಟ್ಟಿಗೆ, 1989ರ ಮೇ ತಿಂಗಳಿನದು. ತಳದ ಮುದ್ರೆ ಸರಿಯಿದೆ, ಇಟ್ಟವರು ಚೆನ್ನಾಗಿ ಇಟ್ಟಿದ್ದಾರೆ, ಹುಳು ಇಲ್ಲ, ಬೂಷ್ಟಿಲ್ಲ. ಈಗ ಎರಡನೇ ಚಿತ್ರ ನೋಡು. ಮೇಲಿನ ಸಾಲಿನ ಸಿಗಾರುಗಳ ಟೊಪ್ಪಿಗೆಯ ಮೇಲೆ, ಬಾಯಿಗಿಡುವ ತುದಿಗೆ ಎಲೆಯ ತುಂಡು ಅಂಟಿಸಿ ಮುಗಿಸುವ ಜಾಗದಲ್ಲಿ, ಸಣ್ಣ ಅರ್ಧಚಂದ್ರ. ಹೆಬ್ಬೆರಳಿನ ಉಗುರು ಒತ್ತಿದ ಗುರುತು. ಅಪ್ಪನನ್ನು ಬಿಟ್ಟು ಇಡೀ ಹವಾನಾದಲ್ಲಿ ಹಾಗೆ ಮುಗಿಸುತ್ತಿದ್ದವರು ಯಾರು? ಮೇಸ್ತ್ರಿ ಎಷ್ಟು ಬೈದರೂ ಬಿಡಲಿಲ್ಲವಲ್ಲ. ನಾನು ಚಿಕ್ಕವನಿದ್ದಾಗ ಅವನು ಸಿಗಾರ್ ಸುತ್ತುವ ಮಣೆಯ ಕೆಳಗೆ ಕೂತು ಎಲೆಚೂರು ಆಯುತ್ತಾ ಆ ಗುರುತನ್ನು ನೋಡಿಯೇ ಬೆಳೆದವನು.

ಇನ್ನು ಮುಚ್ಚಿಡುವುದಿಲ್ಲ. ನಾನು ಹೊರಟ ದಿನ ಅಪ್ಪ ಮಣೆಯಿಂದ ತಲೆ ಎತ್ತಲಿಲ್ಲ. ಬರೆದ ಕಾಗದಕ್ಕೆ ಉತ್ತರ ಕೊಡಲಿಲ್ಲ. ಅವನು ಸತ್ತಾಗ ನಾನು ಬರಲಿಲ್ಲ. ಬರಿಗೈಯಲ್ಲಿ ಬಂದು ಅವನ ಮುಂದೆ ಏನೆಂದು ನಿಲ್ಲಲಿ? ಅವನೇ ಸುತ್ತಿದ ಸಿಗಾರನ್ನು ಹುಡುಕಿ ತಂದು, ಅವನ ಗೋರಿಯ ಎದುರು ಕೂತು, ನಾವಿಬ್ಬರೂ ಹಚ್ಚಿ ಸೇದಬೇಕು. ಅಷ್ಟಾದರೆ ಅವನು ತಲೆ ಎತ್ತುತ್ತಾನೆ ಅನ್ನಿಸುತ್ತದೆ. ಹುಚ್ಚು ಅನ್ನು, ಪರವಾಗಿಲ್ಲ.

ಹರಾಜು ಜೂನ್ 29ಕ್ಕೆ ಮುಗಿಯುತ್ತದೆ. ಮರೂಚಾ ಅದಕ್ಕೆ ಮೊದಲೇ ವಾಪಸು ಬರುತ್ತಾಳೆ. ಅವನ ಪಕ್ಕದಲ್ಲೇ ಕೂತು ಸುತ್ತಿದವಳು ನೀನು. ಒಂದೇ ಮಾತು ಹೇಳಿಕಳಿಸು: ಇದು ಅಪ್ಪನ ಕೈ ಹೌದೋ ಅಲ್ಲವೋ? ಹೌದು ಎಂದರೆ ಚೀಟಿ ಹರಿದು ಹಾಕುತ್ತೇನೆ, ಮನೆ ಮಾರಿಯಾದರೂ ಕೊಳ್ಳುತ್ತೇನೆ.

ಗೋಯೊ


ಸೆರ್ರೊ
19 ಜೂನ್ 2014

ಗೋಯೊ,

ಚಿತ್ರ ನೋಡಿದೆ. ಕಿಟಕಿಯ ಹತ್ತಿರ ಕೂತು ಬಹಳ ಹೊತ್ತು ನೋಡಿದೆ.

ಇದು ಅಪ್ಪನ ಕೈ ಅಲ್ಲ. ಅಪ್ಪ ಬಲಗೈಯವನು, ಅವನ ಉಗುರಿನ ಗುರುತು ಬಲಕ್ಕೆ ವಾಲುತ್ತದೆ. ಇಲ್ಲಿ ಎಡಕ್ಕೆ ವಾಲಿದೆ. ಸರಿಯಾಗಿ ನೋಡು. ಚೆನ್ನಾಗಿ ಯೋಚನೆ ಮಾಡಿ ನೋಡು.

ಮನೆ ಮಾರುವ ಮಾತೆಲ್ಲ ಆಡಬೇಡ. ಅಪ್ಪ ಈಗ ಗೋರಿಯಲ್ಲಿಯೂ ಇಲ್ಲ. ಹೂತ ಎರಡು ವರ್ಷಕ್ಕೆ ಇಲ್ಲಿ ಎಲ್ಲರನ್ನೂ ಅಗೆದು ಎತ್ತುವ ಹಾಗೆ ಅವನನ್ನೂ ಎತ್ತಿದರು. ಎಲುಬು ಒರೆಸಿ ಸಿಮೆಂಟಿನ ಸಣ್ಣ ಪೆಟ್ಟಿಗೆಯಲ್ಲಿ ಜೋಡಿಸಿದವಳು ನಾನು. ಅವನು ತಲೆ ಎತ್ತುವುದಿಲ್ಲ ಕಣೋ. ಎತ್ತಿ ನೋಡುವವರು ಬೇರೆ ಯಾರಾದರೂ ಮನೆಯಲ್ಲಿ ಇದ್ದಾರೆಯೇ ಎಂದು ನೋಡು.

ಒನೇಲಿಯಾ


ಬ್ರೇನಿಯಾ ಆಲ್ತಾ
1 ಜುಲೈ 2014

ಅಕ್ಕ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ದೊಡ್ಡ ಗುಂಡಿಗೆ ಬೀಳುತ್ತಿದ್ದವನನ್ನು ಜುಟ್ಟು ಹಿಡಿದು ಎಳೆದೆ. ನೀನು ಹೇಳಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಹೌದು, ಎಡಕ್ಕೇ ವಾಲಿದೆ. ಯಾವನೋ ಎಡಚ ಅಪ್ಪನನ್ನು ನೋಡಿ ನಕಲು ಮಾಡಿದ್ದಾನೆ. ನನಗೆ ಟೋಪಿ ಹಾಕಲು ಇಪ್ಪತ್ತೈದು ವರ್ಷದ ಹಿಂದೆಯೇ ಕೂತು ತಯಾರಿ ಮಾಡಿದ ಪುಣ್ಯಾತ್ಮ.

ಆದರೂ ಹರಾಜು ಮುಗಿಯುವಾಗ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತು ನೋಡಿದೆ. ಹೆಚ್ಚು ಜನ ಬರಲಿಲ್ಲ. ಚೀಟಿಯಲ್ಲಿ ನಾನು ಬರೆದಿದ್ದ ಮಿತಿಯ ಒಳಗೇ ಯಾರಿಗೋ ಹೋಯಿತು. ಎದ್ದು ಆಲೂಗಡ್ಡೆ ಬೇಯಿಸಿದೆ. ಈ ವ್ಯವಹಾರದಲ್ಲಿ ಇಷ್ಟು ಜಾಣತನದಿಂದ ನಾನು ಹಿಂದೆ ಯಾವತ್ತೂ ನಡೆದುಕೊಂಡಿರಲಿಲ್ಲ.

ನವೆಂಬರಿನಲ್ಲಿ ಬರುವುದಿಲ್ಲ. ಬೇಸರ ಮಾಡಿಕೊಳ್ಳಬೇಡ. ಕಾರಣವೇ ಕೈಯಲ್ಲಿಲ್ಲ, ಏನು ಹಿಡಿದುಕೊಂಡು ಬರಲಿ? ಇಂದಲ್ಲ ನಾಳೆ ಅಪ್ಪನ ಪೆಟ್ಟಿಗೆ ಒಂದು ಬಂದೇ ಬರುತ್ತದೆ. ನಿನ್ನ ಕಣ್ಣಿರುವಾಗ ನನಗೆ ಮೋಸವಾಗುವುದಿಲ್ಲ. ಬಹುಶಃ ಮುಂದಿನ ವರ್ಷ.

ಗೋಯೊ


ಸೆರ್ರೊ
14 ಆಗಸ್ಟ್ 2014

ಗೋಯೊ,

ಕಾಗದ ತಲುಪಿತು. ಮುಲಾಮು ತಲುಪಿತು. ಇನ್ನು ಕಳಿಸಬೇಡ, ಅದರಿಂದ ಏನೂ ಆಗುತ್ತಿಲ್ಲ.

ಒಳಗಿನ ಕೋಣೆಯನ್ನು ನಿಲ್ದಾಳ ಸೊಸೆಗೆ ಕೊಟ್ಟೆ. ಬಸುರಿ, ಮಲಗಲು ಜಾಗವಿಲ್ಲ. ಸುಣ್ಣ ಹೊಡೆಸಿದ್ದು ದಂಡವಾಗಲಿಲ್ಲ.

ಒನೇಲಿಯಾ


ಬ್ರೇನಿಯಾ ಆಲ್ತಾ
4 ಅಕ್ಟೋಬರ್ 2014

ಅಕ್ಕ,

ಮರೂಚಾ ಎರಡು ಸಲ ಹೋಗಿ ಬಂದಳು, ಎರಡು ಸಲವೂ ಬರಿಗೈ. "ಕಾಗದ ಕೊಡ್ತೀರಾ ಅಂತ ಕೇಳ್ದೆ. ಬರೆಯೋಕೆ ಏನೂ ಇಲ್ಲ ಅಂದ್ರು. ಕಾಫಿ ಕೊಟ್ರು, ಬಟಾಣಿ ಹಾಕಿರ್ಲಿಲ್ಲ" ಎಂದಳು. ಆ ಕೊನೆಯ ಮಾತು ಕೇಳಿ ಹೆದರಿಕೆಯಾಯಿತು. ಬಟಾಣಿ ಹಾಕದೆ ಕಾಫಿ ಕೊಡುವುದು ನೀನು ಹೊರಗಿನವರಿಗೆ.

ಕೋಣೆ ಕೊಟ್ಟದ್ದಕ್ಕೆ ಕೋಪವಿಲ್ಲ. ನಿನಗೆ ದುಡ್ಡಿನ ತಾಪತ್ರಯವಿದ್ದರೆ ಹೇಳು. ಮೈ ಸರಿಯಿಲ್ಲವೆ? ಏನೋ ಆಗಿದೆ, ಏನೆಂದು ಹೊಳೆಯುತ್ತಿಲ್ಲ. ಹಿಂದಿನ ಕಾಗದಗಳನ್ನೆಲ್ಲ ತೆಗೆದು ಓದಿದೆ, ನಾನು ತಪ್ಪು ಬರೆದದ್ದು ಕಾಣಲಿಲ್ಲ.

ಗೋಯೊ


ಸಾಂತಾ ಕ್ರೂಸ್, ಆಸ್ಪತ್ರೆ
20 ಡಿಸೆಂಬರ್ 2014

ಅಕ್ಕ,

ಹೆದರಬೇಡ, ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ. ಎರಡು ವಾರದ ಹಿಂದೆ ಮಾರುಕಟ್ಟೆಯಿಂದ ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಎದೆ ಕೊಯ್ದು ಎರಡು ನರ ಬದಲಿಸಿದ್ದಾರೆ. ಡಾಕ್ಟರು ಹುಡುಗಿ, ನನಗೆ ಮೊಮ್ಮಗಳಿದ್ದರೆ ಅವಳ ವಯಸ್ಸು. "ಸಿಗಾರ್ ಇನ್ಮುಂದೆ ಮರ್ತುಬಿಡಿ ತಾತ" ಎಂದಳು. ಆಯಿತು ಎಂದೆ. "ದೂರದ ವಿಮಾನಾನೂ." ಎಷ್ಟು ದಿನ ಎಂದು ಕೇಳಿದೆ. "ಈ ಹೃದಯ ಇಟ್ಕೊಂಡು ಒಂಬತ್ತು ಗಂಟೆ ಸಮುದ್ರದ ಮೇಲೆ ಹೋಗೋದು ಬೇಡ. ಯಾವಾಗಲೂ ಬೇಡ" ಎಂದಳು.

ನವೆಂಬರಿನಲ್ಲಿ ಹೊರಟಿದ್ದರೆ ಬರಬಹುದಿತ್ತು. ಆಗ ಚೆನ್ನಾಗಿದ್ದೆ.

ಗೋಯೊ


ಸೆರ್ರೊ
25 ಜನವರಿ 2015

ಗೋಯೊ, ನನ್ನ ತಮ್ಮ,

ನಿನ್ನ ಕಾಗದ ಓದಿ ಮೂರು ದಿನ ಅಡುಗೆ ಮಾಡಲಿಲ್ಲ. ನಿಲ್ದಾ ಅನ್ನ, ಹುರುಳಿ ತಂದಿಟ್ಟು ಹೋಗುತ್ತಿದ್ದಳು. ಈ ಸಲ ಮಸಿ ಹರಡಿದ್ದರೆ ಅದು ಅಂಗೈಯಿಂದಲ್ಲ.

ಆ ಪೆಟ್ಟಿಗೆ ನನ್ನದು.

ಅಪ್ಪನ ಕೈ ಅಲ್ಲ ಎಂದು ನಾನು ಬರೆದದ್ದು ನಿಜ. ಯಾರ ಕೈ ಎಂದು ಬರೆಯಲಿಲ್ಲ. 1987ರಿಂದಲೇ ಅಪ್ಪನಿಗೆ ಕೈ ನಡುಕ. ಎಲೆ ಸುತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. ಮೇಲಿನ ದರ್ಜೆಯ ಕೆಲಸಗಾರ, ಮಗ ದೇಶ ಬಿಟ್ಟವನು ಎಂದು ಕಾರ್ಖಾನೆಯವರು ಮೊದಲೇ ಅವನ ಮೇಲೆ ಕಣ್ಣಿಟ್ಟಿದ್ದರು. ಕೈಯೂ ಹೋಯಿತು ಎಂದು ಗೊತ್ತಾದರೆ ಗೋದಾಮಿನಲ್ಲಿ ಕಸ ಗುಡಿಸಲು ಹಾಕುತ್ತಿದ್ದರು. ಅದಕ್ಕೆ ನಾನು ನನ್ನ ಲೆಕ್ಕದ್ದನ್ನು ಮುಗಿಸಿ, ಅವನ ಪಾಲಿನದನ್ನೂ ಸುತ್ತಿ, ಅವನ ನಂಬರಿನ ಚೀಟಿ ಕಟ್ಟಿ ಇಡುತ್ತಿದ್ದೆ. ಅವನು ಎಲೆ ನೇವರಿಸುತ್ತಾ ಕೂತಿರುತ್ತಿದ್ದ. ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎತ್ತರದ ಕುರ್ಚಿಯಲ್ಲಿ ಕೂತು ನಮಗೆ ಪತ್ರಿಕೆ ಓದಿ ಹೇಳುತ್ತಿದ್ದ ಮುದುಕ ಲಿಬೋರಿಯೊ, ಮೇಸ್ತ್ರಿ ಈ ಕಡೆ ಬಂದರೆ ಸಕ್ಕರೆ ಇಳುವರಿಯ ಸುದ್ದಿಯನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದ. ಆಗ ನಾನು ಕೈ ಹಿಂದೆಗೆಯುತ್ತಿದ್ದೆ. ಅಪ್ಪ ಸಾಯುವವರೆಗೂ ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡುವುದಿಲ್ಲ ಎಂದು ಅವನ ಕೈ ಹಿಡಿದು ಹೇಳಿದ್ದೆ. ನಿನಗೂ ಹೇಳುವುದಿಲ್ಲ ಎಂದು.

ಉಗುರಿನ ಗುರುತು ಹಾಕುವುದನ್ನು ಕಲಿಸಿದ್ದೂ ಅವನೇ. ನನ್ನ ಕೈಯಲ್ಲಿ ಅದು ಎಡಕ್ಕೆ ವಾಲುತ್ತಿತ್ತು. ಸಿಕ್ಕಿಬೀಳುತ್ತೇವೆ ಅಪ್ಪ ಎಂದೆ. ಅವನು ಅಂದದ್ದು ನನಗೆ ಹಾಗೇ ನೆನಪಿದೆ. "ಯಾರೂ ಅಷ್ಟು ನೋಡಲ್ಲ ಬಿಡೇ. ನೋಡೋನು ಒಬ್ಬನೇ, ಗೋಯೊ. ಅವನಾದ್ರೆ ನೋಡಿದ ತಕ್ಷಣ ಅಕ್ಕನ ಕೈ ಅಂತಾನೆ. ಅವನು ಇಲ್ಲಿ ಇಲ್ವಲ್ಲ." ಅವನು ನಿನ್ನ ಹೆಸರು ಎತ್ತಿದ್ದು ಆಗಲೇ, ನೀನು ಹೋದ ನಾಲ್ಕು ವರ್ಷದ ಮೇಲೆ.

ಅದಕ್ಕೇ ನಾನು ಬಾಯಿ ಬಿಟ್ಟು ಹೇಳಲಿಲ್ಲ. ಎಡಕ್ಕೆ ವಾಲಿದೆ, ಯೋಚನೆ ಮಾಡಿ ನೋಡು ಎಂದು ಬರೆದು ಕಾದೆ. ನೀನೇ ಹೇಳಬೇಕು, ಆಗ ಅಪ್ಪನಿಗೆ ಕೊಟ್ಟ ಮಾತೂ ಉಳಿಯುತ್ತದೆ ಎಂದುಕೊಂಡೆ. ದುಡ್ಡು ಉಳಿಸಿ ಟಿಕೆಟ್ ಕೊಳ್ಳಲಿ ಎಂಬ ಆಸೆಯೂ ಇತ್ತು. ನೀನು ಯಾವನೋ ಎಡಚ ಎಂದು ಬರೆದೆ. ಓದಿ ಕಾಗದ ಮಡಚಿಟ್ಟೆ. ಆರು ತಿಂಗಳು ನನಗೆ ನಿನ್ನ ಮೇಲೆ ಕೋಪವಿತ್ತು. ಈಗ ನನ್ನ ಮೇಲೆಯೇ ಇದೆ. ಒಂದು ಸಾಲು ಬರೆದಿದ್ದರೆ ನೀನು ನವೆಂಬರಿನಲ್ಲಿ ಈ ಮನೆಯಲ್ಲಿ ಕೂತಿರುತ್ತಿದ್ದೆ.

ನಿನ್ನ ಅಕ್ಕ


ಬ್ರೇನಿಯಾ ಆಲ್ತಾ
2 ಮಾರ್ಚ್ 2015

ಅಕ್ಕ,

ಆ ಚಿತ್ರಗಳನ್ನು ಮತ್ತೆ ತೆಗೆದು ನೋಡಿದೆ. ಮೊಣಕೈ ತಿವಿದ ಪಕ್ಕೆ ಈಗ ನೋಯುತ್ತಿದೆ, ಡಾಕ್ಟರು ಹೊಲಿಗೆ ನೋವು ಅನ್ನುತ್ತಾಳೆ.

ನೀನು ಬರೆದಿದ್ದೆಯಲ್ಲ, ಏಪ್ರಿಲ್ ಕಾಗದದಲ್ಲಿ, ಎಡಗೈಯೆಂದು. ಜೂನಿನಲ್ಲಿ ನಾನು ಭೂತಗನ್ನಡಿ ಹಿಡಿದು ಕೂತಿದ್ದೆ, ಆ ಕಾಗದ ಅದೇ ಮೇಜಿನ ಮೇಲಿತ್ತು. ಪೆಟ್ಟಿಗೆಯ ತಳ ನೋಡು, ಹುಳು ನೋಡು, ಬೂಷ್ಟು ನೋಡು ಎಂದು ನಿನಗೇ ಪಾಠ ಹೇಳಿದವನಿಗೆ, ಸುತ್ತಿದವಳು ಯಾರು ಎಂದು ನೋಡಲು ಬರಲಿಲ್ಲ. ಎಷ್ಟು ವರ್ಷ ಸುತ್ತಿದೆ, ಹೇಗೆ ಸುತ್ತುತ್ತಿದ್ದೆ ಎಂದು ನಾನು ಒಂದು ಕಾಗದದಲ್ಲಿಯೂ ಕೇಳಿಲ್ಲ. ಅಪ್ಪ, ಅಪ್ಪ ಎಂದೇ ಬರೆದಿದ್ದೇನೆ. ನಾಚಿಕೆಯಾಗುತ್ತದೆ ಅಕ್ಕ. ನಿನ್ನ ಕೈ ಎಂದು ಗೊತ್ತಾಗಿದ್ದರೆ ಚೀಟಿ ಹರಿದು ಹಾಕುತ್ತಿದ್ದೆ, ಅದಕ್ಕೆ ಅನುಮಾನ ಬೇಡ. ಅದನ್ನು ಹಿಡಿದುಕೊಂಡೇ ಬರುತ್ತಿದ್ದೆ.

ಹರಾಜಿನವರಿಗೆ ಬರೆದಿದ್ದೇನೆ. ಕೊಂಡವರ ಹೆಸರು ಹೇಳುವುದಿಲ್ಲ, ಬೇಕಾದರೆ ನಿಮ್ಮ ಪತ್ರ ಅವರಿಗೆ ತಲುಪಿಸುತ್ತೇವೆ ಎಂದಿದ್ದಾರೆ. ಕೇಳಿದಷ್ಟು ಕೊಡುತ್ತೇನೆ, ವಾಪಸು ಕೊಡಿ ಎಂದು ಕೇಳಿಕೊಂಡಿದ್ದೇನೆ. ಸುತ್ತಿದವಳು ನನ್ನ ಅಕ್ಕ ಎಂದೂ ಬರೆದೆ.

ನಿನ್ನ ಬೆರಳು ಹೇಗಿವೆ? ಈಗಲೂ ಸುತ್ತಲು ಬರುತ್ತದೆಯೆ? ಮೊದಲೇ ಕೇಳಬೇಕಿತ್ತು.

ಗೋಯೊ


ಬ್ರೇನಿಯಾ ಆಲ್ತಾ
26 ಏಪ್ರಿಲ್ 2015

ಅಕ್ಕ,

ಉತ್ತರ ಬಂತು. ಕೊಂಡವನು ಲೀಡ್ಸ್ ಊರಿನ ಕೊಳಾಯಿ ಕೆಲಸದವನು. ಶ್ರೀಮಂತನಲ್ಲ. ಮಗಳ ಮದುವೆಗೆಂದು ಕೊಂಡನಂತೆ. ಇಲ್ಲಿನ ಗ್ರಂಥಾಲಯದ ಹುಡುಗಿ ಇಂಗ್ಲಿಷಿನಿಂದ ಓದಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ:

"ನಿಮ್ಮ ಪತ್ರ ನೋಡಿ ಬಹಳ ಕೆಟ್ಟದೆನಿಸಿತು. ಒಂದೂ ಉಳಿದಿಲ್ಲ. ಮದುವೆ ಸಂಜೆ ಹಿತ್ತಲಿನಲ್ಲಿ ಕೂತು ಎಲ್ಲ ಸೇದಿಬಿಟ್ಟೆವು. ನನ್ನ ಮಾವ ಹುಟ್ಟಿದಾಗಿನಿಂದ ಯಾವುದನ್ನೂ ಚೆನ್ನಾಗಿದೆ ಎಂದವನಲ್ಲ, ನನ್ನನ್ನಂತೂ ಮೊದಲೇ ಇಲ್ಲ. ಅವನು ಒಂದು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ. ಬೂದಿ ಬೆರಳುದ್ದ ನಿಂತಿತ್ತು, ಬೀಳಲೇ ಇಲ್ಲ. 'ಇದನ್ನು ಸುತ್ತಿದವರು ಯಾರು?' ಎಂದು ಕೇಳಿದ. ನಮಗೆ ಗೊತ್ತಿರಲಿಲ್ಲ. ಈಗ ಅವನಿಗೆ ಹೇಳಿದ್ದೇನೆ. ನಿಮ್ಮ ಅಕ್ಕನಿಗೂ ಹೇಳಿ."

ಅವನನ್ನು ಬೈಯಲು ಮನಸ್ಸು ಬರಲಿಲ್ಲ. ಸೇದಲೆಂದೇ ಸುತ್ತಿದ್ದು, ಸೇದಿದ್ದಾರೆ. ನನ್ನ ಕೈಗೆ ಬರಬೇಕಿತ್ತು ಅಷ್ಟೆ, ಬರಲಿಲ್ಲ.

ಗೋಯೊ


ಸೆರ್ರೊ
8 ಜೂನ್ 2015

ಗೋಯೊ,

ಆ ಕಾಗದವನ್ನು ಭಾನುವಾರ ಮನೆಯಲ್ಲಿ ಓದಿದೆ. ನಮ್ಮ ಸಾಲಿನಲ್ಲಿ ಕೂರುತ್ತಿದ್ದವರಲ್ಲಿ ಉಳಿದಿರುವವರು ಮೂವರು, ಮೂವರನ್ನೂ ಕರೆದಿದ್ದೆ. ಅವರಿಗೆಲ್ಲ ಗೊತ್ತಿದ್ದ ಅಪ್ಪನ ಗುಟ್ಟನ್ನು ಇಷ್ಟು ವರ್ಷದ ಮೇಲೆ ಮೊದಲ ಸಲ ಬಾಯಿಬಿಟ್ಟು ಆಡಿದೆ, ಅವನು ಬೈದುಕೊಳ್ಳಲಿ. "ಸುತ್ತಿದವರು ಯಾರು" ಎನ್ನುವ ಜಾಗಕ್ಕೆ ಬಂದಾಗ ಮುದುಕಿ ಕಾರಿದಾದ್ ಚಮಚ ತೆಗೆದು ಮೇಜಿಗೆ ಬಡಿದಳು. ಉಳಿದವರೂ ಬಡಿದರು. ಓದಿದ್ದು ಮನಸ್ಸಿಗೆ ಹಿಡಿಸಿದರೆ ನಾವು ಎಲೆ ಕತ್ತರಿಸುವ ಅಲಗನ್ನು ಮಣೆಗೆ ಬಡಿಯುತ್ತಿದ್ದೆವಲ್ಲ, ಹಾಗೆ. ಅಷ್ಟು ವರ್ಷ ಲಿಬೋರಿಯೊ ಓದಿದ್ದಕ್ಕೆಲ್ಲ ನಾನು ಬಡಿದಿದ್ದೇನೆ. ನನಗೆಂದು ಬಡಿದದ್ದು ಇದೇ ಮೊದಲು. ಅತ್ತುಬಿಟ್ಟೆ. ಯಾರದೋ ಮಾವ ಕೇಳಿದನಲ್ಲ ಕಣೋ. ನೀನು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಬೆರಳು ಹೇಗಿವೆ ಎಂದು ಕೇಳಿದ್ದೆ. ಸೊಟ್ಟಗಾಗಿವೆ, ಗುಂಡಿ ಹಾಕಲೂ ಬರುವುದಿಲ್ಲ. ನಿನಗೆ ಬರೆದಿರಲಿಲ್ಲ. ಆದರೂ ನಿಲ್ದಾಳ ಮಗ ಎಲೆ ತಂದುಕೊಟ್ಟ. ಅಪ್ಪನ ಮಣೆ ತೊಳೆದು ಕೂತೆ. ಬಹಳ ಎಲೆ ಹಾಳಾಯಿತು. ಒಂದು ನಿಂತಿತು. ಮರೂಚಾಳ ಕೈಗೆ ಕೊಟ್ಟಿದ್ದೇನೆ. ಇನ್ನು ನನ್ನಿಂದ ಸುತ್ತಲಾಗುವುದಿಲ್ಲ, ಇದೇ ಕಡೆಯದು.

ಸೇದಬೇಡ, ಡಾಕ್ಟರ ಮಾತು ಕೇಳು. ಸೇದಿದರೆ ಮಾತ್ರ ಹೊಗಳಬೇಡ. ಅಕ್ಕನಿಗೆ ಹೇಳುವ ಹಾಗಲ್ಲ, ಸುತ್ತುವವಳಿಗೆ ಹೇಳುವ ಹಾಗೆ ಹೇಳು.

ಒನೇಲಿಯಾ


ಬ್ರೇನಿಯಾ ಆಲ್ತಾ
20 ಜುಲೈ 2015

ಅಕ್ಕ,

ಮರೂಚಾ ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡು ಬರುವ ಹಾಗೆ ತಂದಳು. ಒಂದು ವಾರ ಪೆಟ್ಟಿಗೆಯಲ್ಲಿಟ್ಟು ದಿನಾ ತೆಗೆದು ನೋಡಿದೆ. ಇಷ್ಟು ದಿನ ಕಲಿತದ್ದೆಲ್ಲ ಇಟ್ಟುಕೋ, ಇಟ್ಟುಕೋ ಅನ್ನುತ್ತಿತ್ತು. ನಿನ್ನೆ ಸಂಜೆ ಹಿತ್ತಲಿನ ಕಟ್ಟೆಯ ಮೇಲೆ ಕೂತು ಹಚ್ಚಿದೆ. ಡಾಕ್ಟರಿಗೆ ಹೇಳುವುದಿಲ್ಲ. ನೀನೂ ಮರೂಚಾಳಿಗೆ ಹೇಳಬೇಡ, ಊರಿಗೆಲ್ಲ ಸಾರುತ್ತಾಳೆ.

ನೀನು ಹೇಳಿದ ಹಾಗೆ ಹೇಳುತ್ತೇನೆ. ಎಳೆತ ಬಿಗಿ. ನಡುವೆ ಎಲೆ ಒಂದು ಕಡೆ ಗಂಟುಕಟ್ಟಿದೆ. ಎರಡು ಸಲ ಆರಿತು. ಬೂದಿ ನಿಲ್ಲಲಿಲ್ಲ, ಅಂಗಿಯ ಮೇಲೆ ಬಿತ್ತು. ರುಚಿ ಮಾತ್ರ ನಮ್ಮ ಮನೆಯದು. ಅಪ್ಪನದೋ ನಿನ್ನದೋ ಎಂದು ಹೋಲಿಸಲು ಹೋಗಲಿಲ್ಲ. ನಾಲ್ಕು ಸಲ ಎಳೆಯುವಷ್ಟರಲ್ಲಿ ಎದೆ ಬೇಡ ಎಂದಿತು, ಇಳಿಸಿದೆ. ಉಳಿದದ್ದು ತಾನಾಗಿ ಉರಿದು ಮುಗಿಯಿತು. ಅಷ್ಟು ಹೊತ್ತೂ ಅದರ ಪಕ್ಕದಲ್ಲೇ ಕೂತಿದ್ದೆ. ನೀನು ಎಡಗಡೆ ಕೂತಿದ್ದೀಯ ಎಂದುಕೊಂಡು ಸ್ವಲ್ಪ ಜಾಗ ಬಿಟ್ಟಿದ್ದೆ.

ಹಚ್ಚುವ ಮೊದಲು ಕತ್ತರಿ ಎತ್ತಿಕೊಂಡು ಎರಡು ಸಲ ಕೆಳಗಿಟ್ಟೆ. ಸೇದಬೇಕೆಂದರೆ ಟೊಪ್ಪಿಗೆ ಕತ್ತರಿಸಲೇಬೇಕು, ನಿನ್ನ ಕೈ ಇರುವುದು ಅಲ್ಲೇ. ಕತ್ತರಿಸಿದೆ. ಆ ಬಿಲ್ಲೆಯನ್ನು ಎಸೆದಿಲ್ಲ. ಇದನ್ನು ಬರೆಯುವಾಗ ಕಾಗದದ ಪಕ್ಕದಲ್ಲೇ ಇದೆ, ಗುಂಡಿಗಿಂತ ಚಿಕ್ಕದು. ಗುರುತು ಎಡಕ್ಕೆ ವಾಲಿದೆ.

ಈ ಸಲ ನೋಡಿದೆ, ಅಕ್ಕ.

ಗೋಯೊ